ಪಕ್ಕದ ಹೊಲದವರ ಸಹಿ

ಅಕ್ಕನ ಹೊಲದಲ್ಲಿ ಸೂರ್ಯಕಾಂತಿ ಮೊಗ್ಗು ಬಿಟ್ಟಿರುವುದು ತಂಗಿಗೆ ಕಂಡದ್ದು ಮಂಗಳವಾರ ಬೆಳಗ್ಗೆ, ಬದುವಿನ ಮೇಲೆ ನಿಂತು ಚಪ್ಪಲಿಗೆ ಮೆತ್ತಿದ ಮಣ್ಣು ಒರೆಸುತ್ತಿದ್ದಾಗ. ಮೊದಲು ಒಂದು ಕಂಡಿತು. ಒಂದು ಕಂಡ ಮೇಲೆ ಕಣ್ಣು ಪಳಗಿ ಹತ್ತು ಕಂಡವು, ಆಮೇಲೆ ಎಣಿಸುವುದೇ ಬೇಡವೆನಿಸಿತು. ಎದೆಯೆತ್ತರ ಬೆಳೆದ ಸೆಣಬು, ಸಜ್ಜೆ, ಅದಕ್ಕೆ ಸುತ್ತಿಕೊಂಡ ಅಲಸಂದೆ ಬಳ್ಳಿ, ನೆಲಕ್ಕೆ ಅಂಟಿದ ಮೂಲಂಗಿ ಎಲೆ. ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ದಪ್ಪ ಕಾಂಡ, ಅದರ ತುದಿಗೆ ಮುಷ್ಟಿಯಷ್ಟು ಹಸಿರು ಮೊಗ್ಗು. ಕೆಲವುಗಳ ಅಂಚಿನಲ್ಲಿ ಹಳದಿ ಇಣುಕುತ್ತಿತ್ತು.

ಶನಿವಾರ ಕಂಪನಿಯ ತಪಾಸಣೆ ಇತ್ತು.

ಬದುವಿನ ಈಚೆ ತಂಗಿಯ ಪ್ಲಾಟು. ಕಂಪನಿಯೊಂದಕ್ಕೆ ಸೂರ್ಯಕಾಂತಿಯ ಹೈಬ್ರಿಡ್ ಬೀಜ ಬೆಳೆದುಕೊಡುವ ಒಪ್ಪಂದ. ಮೂರು ಸಾಲು ಹೆಣ್ಣು, ಒಂದು ಸಾಲು ಗಂಡು, ಮತ್ತೆ ಮೂರು ಹೆಣ್ಣು. ಹೆಣ್ಣು ಸಾಲಿನ ಹೂವಿನಲ್ಲಿ ಪರಾಗವೇ ಇರುವುದಿಲ್ಲ, ಪಕ್ಕದ ಗಂಡು ಸಾಲಿನದು ಬಂದು ಬಿದ್ದರಷ್ಟೇ ಕಾಳು ಕಟ್ಟುವುದು. ಬೇರೆ ಎಲ್ಲಿಂದಲೋ ಬಂದ ಸೂರ್ಯಕಾಂತಿಯ ಪರಾಗ ಬಿದ್ದರೆ ಕಾಳೇನೋ ಕಟ್ಟುತ್ತದೆ, ಆದರೆ ಅದು ಬೀಜವಲ್ಲ, ಕಲಬೆರಕೆ. ಅದಕ್ಕೇ ಸುತ್ತ ನಾನೂರು ಮೀಟರಿನೊಳಗೆ ಇನ್ನೊಂದು ಸೂರ್ಯಕಾಂತಿ ಅರಳಕೂಡದು. ಅರಳಿಸುವುದಿಲ್ಲವೆಂದು ಅಕ್ಕಪಕ್ಕದ ಹೊಲದವರೆಲ್ಲ ಫಾರಂ ಮೇಲೆ ಸಹಿ ಹಾಕಿಕೊಡಬೇಕು. ಐದು ಹೊಲ, ಐದು ಸಹಿ. ನಾಲ್ಕನ್ನು ಗಂಡ ಓಡಾಡಿ ತಂದಿದ್ದ. ಐದನೆಯದು ಅಕ್ಕನದು. ಅದನ್ನು ತಂಗಿಯೇ ಅಡುಗೆಮನೆಯಲ್ಲಿ ಕೂತು ಹಾಕಿದ್ದಳು.

ಕಷ್ಟವೇನೂ ಆಗಿರಲಿಲ್ಲ. ಇಬ್ಬರಿಗೂ ಬರೆಯಲು ಕಲಿಸಿದವನು ಅಪ್ಪ, ಒಂದೇ ಮೇಜಿನ ಮೇಲೆ, ಒಂದೇ ಬೆತ್ತ ಹಿಡಿದು. ಇಬ್ಬರ ಅಕ್ಷರವೂ ಒಂದೇ ಕಡೆಗೆ ಬಾಗುತ್ತಿತ್ತು. ಸಹಿ ಕೇಳಬೇಕೆಂದರೆ ಅಕ್ಕನ ಮನೆಗೆ ಹೋಗಬೇಕು, ಹೋದರೆ ಮಾತಾಡಬೇಕು, ಮಾತಾಡಿದರೆ ಮೊದಲು ಮಣ್ಣಿನ ವಿಷಯ ಬರುತ್ತದೆ. ಅದರ ಬದಲು ಹಳೆಯ ಕ್ಯಾಲೆಂಡರಿನ ಹಿಂದೆ ಎರಡು ಸಲ ಅಭ್ಯಾಸ ಮಾಡಿ, ಮೂರನೇ ಸಲ ಫಾರಂ ಮೇಲೆ ಎಳೆದುಬಿಟ್ಟಳು. ಗಂಡ ನೋಡಿ, "ನಿನ್ನಕ್ಕನ ಸಹಿ ನಿನ್ನಕ್ಕನಿಗಿಂತ ನೀನೇ ಚೆನ್ನಾಗಿ ಹಾಕ್ತೀಯಲ್ಲೇ" ಎಂದಿದ್ದ.

ಮಣ್ಣಿನ ವಿಷಯ ಇಷ್ಟು. ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ದೂರದ ಊರಿಗೆ ವರ್ಗವಾದಾಗ ಅಪ್ಪ ಕೊಟ್ಟ ತನ್ನ ಪಾಲಿನ ಹೊಲವನ್ನು ತಂಗಿಯ ಗಂಡನ ಕೈಗೆ ಬಿಟ್ಟುಹೋಗಿದ್ದಳು. ನಾಲ್ಕು ವರ್ಷದ ಮೇಲೆ ವರ್ಗವಾಗಿ ವಾಪಸ್ಸು ಬಂದು ನೋಡಿದರೆ ಹೊಲ ಇತ್ತು, ಮಣ್ಣಿರಲಿಲ್ಲ. ತಂಗಿಯ ಗಂಡ ಮಾರಿದ್ದ. ಇಟ್ಟಿಗೆ ಭಟ್ಟಿಯವರು ಮೇಲಿನ ಎರಡಡಿಯನ್ನು ಕೆರೆದು ಹೊತ್ತೊಯ್ದಿದ್ದರು. ಹನ್ನೊಂದು ದಿನ ಲಾರಿಗಳು ಓಡಾಡಿದ್ದವು. ಹನ್ನೊಂದು ದಿನವೂ ತಂಗಿ ಆ ಡ್ರೈವರುಗಳಿಗೆ ಕುಡಿಯಲು ನೀರು ಕೊಟ್ಟಿದ್ದಳು. ಫೋನು ಕೈಯಲ್ಲೇ ಇತ್ತು. ಒಂದು ದಿನವೂ ಅಕ್ಕನಿಗೆ ಮಾಡಲಿಲ್ಲ. ಈಗ ಬದುವಿನಿಂದ ಅಕ್ಕನ ಹೊಲಕ್ಕೆ ಇಳಿಯಬೇಕೆಂದರೆ ಮೊಣಕಾಲುದ್ದ ಕೆಳಗೆ ಕಾಲಿಡಬೇಕು. ಉಳಿದ ನೆಲಕ್ಕೆ ಗುದ್ದಲಿ ಹಾಕಿದರೆ ಠಣ್ಣೆನ್ನುತ್ತಿತ್ತು.

ಅಕ್ಕ ಬಂದು ನೋಡಿದಳು, ಒಂದು ಹೆಂಟೆ ಎತ್ತಿ ತಂಗಿಯ ಮನೆಯ ಬಾಗಿಲಲ್ಲಿ ಇಟ್ಟಳು, ಹೋದಳು. ಮೂರು ವರ್ಷ ಮಾತಿಲ್ಲ. ಈ ಬೇಸಿಗೆ ಆರು ಬಗೆಯ ಬೀಜ ಬೆರೆಸಿ ತಂದು ಆ ಬೋಳು ನೆಲದ ಮೇಲೆ ಹೊದಿಕೆ ಬೆಳೆ ಬಿತ್ತಿಸಿದಳು. ಕೊಯ್ದು ಮಾರುವುದಕ್ಕಲ್ಲ. ಮೂಲಂಗಿ ನೆಲ ಸೀಳಲಿ, ಅಲಸಂದೆ ಸತ್ವ ತುಂಬಲಿ, ಸಜ್ಜೆಯ ಬೇರು ಪುಡಿ ಮಾಡಲಿ, ಹೂವಿಗೆ ಜೇನು ಬರಲಿ, ಕೊನೆಗೆ ಎಲ್ಲವನ್ನೂ ಅಲ್ಲೇ ಕಡಿದು ಮಲಗಿಸಿದರೆ ಮಣ್ಣಾಗಲಿ ಎಂದು. ಬಿತ್ತುವ ಮುಂಚೆ ಬದುವಿನಾಚೆಯವರಿಗೆ ಒಂದು ಮಾತು ಹೇಳುವುದು ಆ ಸೀಮೆಯ ಹೊಲದವರಲ್ಲಿ ಮೊದಲಿನಿಂದ ಇದ್ದ ರೂಢಿ. ಅಕ್ಕ ಹೇಳಲಿಲ್ಲ, ತಂಗಿ ಕೇಳಲಿಲ್ಲ. ಆರು ಬೀಜದಲ್ಲಿ ಒಂದು ಸೂರ್ಯಕಾಂತಿ.

ತಂಗಿ ಮನೆಗೆ ಓಡಿ ಬಂದು ಗಂಡನಿಗೆ ಹೇಳಿದಳು. ಅವನು ಶೆಡ್ಡಿನಲ್ಲಿ ಔಷಧಿ ಹೊಡೆಯುವ ಯಂತ್ರದ ಮೂತಿಯನ್ನು ಸೂಜಿಯಿಂದ ಚುಚ್ಚುತ್ತ ಕೂತಿದ್ದ. ಸುತ್ತಮುತ್ತಲಿನವರೆಲ್ಲ ಅವನನ್ನು ಕೊಕ್ಕೆ ಎಂದೇ ಕರೆಯುತ್ತಿದ್ದರು. ಯಾರು ಏನೇ ಮಾಡಹೊರಟರೂ ಅದಕ್ಕೊಂದು ಕೊಕ್ಕೆ ಹಾಕದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಬೇಕಂತಲೇ ಹಾಕಿದ್ದಾಳೆ," ಎಂದ ಕೊಕ್ಕೆ.

"ಅವಳಿಗೆ ಗೊತ್ತೇ ಇಲ್ಲ ರೀ, ನಾವು ಬೀಜಕ್ಕೆ ಹಾಕಿರೋದು."

"ಗೊತ್ತಿಲ್ಲ ಅಂದ್ರೆ? ಸಹಿ ಹಾಕಿಕೊಟ್ಟಿದ್ದಾಳಲ್ಲ!" ಎಂದು ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿ, "ಟ್ರ್ಯಾಕ್ಟರಿನವನಿಗೆ ಹೇಳ್ತೀನಿ. ಹಿಂದೆ ಕಡಿಯೋ ಬ್ಲೇಡ್ ಹಾಕ್ಕೊಂಡು ಬಂದ್ರೆ ಅರ್ಧ ಗಂಟೆ ಕೆಲಸ. ಅವಳು ಡ್ಯೂಟಿಗೆ ಹೋದ ಮೇಲೆ" ಎಂದ.

"ಪೂರ್ತಿ ಕಡಿಸ್ತೀರಾ? ಜೇನು?"

ಕೊಕ್ಕೆ ಸೂಜಿ ಕೆಳಗಿಟ್ಟ. ಹೋದ ವರ್ಷ ಔಷಧಿ ಹೊಡೆದು ಹೊಡೆದು ಪ್ಲಾಟಿಗೆ ಒಂದು ಹುಳವೂ ಬಂದಿರಲಿಲ್ಲ. ಕೂಲಿಯ ಹೆಂಗಸರು ಕೈಗೆ ಬಟ್ಟೆ ಸುತ್ತಿಕೊಂಡು ಗಂಡು ಹೂವನ್ನು ಸವರಿ ಹೆಣ್ಣು ಹೂವಿಗೆ ಉಜ್ಜಿ ಉಜ್ಜಿ ಸೋತರು, ಆದರೂ ತೆನೆಯ ಅರ್ಧ ಜೊಳ್ಳು. ಈ ವರ್ಷ ಅಕ್ಕನ ಹೊಲದ ಸೆಣಬು ಹೂ ಬಿಟ್ಟ ದಿನದಿಂದ ಬದುವಿನ ಮೇಲೆ ಗುಂಯ್ ಎನ್ನುತ್ತಿದೆ, ಆ ಗುಂಯ್ ಈಚೆಗೂ ದಾಟಿ ಬರುತ್ತಿದೆ. ಇದು ಕೊಕ್ಕೆಗೂ ಗೊತ್ತಿತ್ತು, ಬಾಯಿಬಿಟ್ಟು ಒಪ್ಪುವವನಲ್ಲ ಅಷ್ಟೇ.

"ಶುಕ್ರವಾರದ ತನಕ ಟೈಮ್ ಕೊಡಿ," ಎಂದಳು ತಂಗಿ. "ಬರೀ ಸೂರ್ಯಕಾಂತಿ ಕತ್ತರಿಸ್ತೀನಿ. ಅಕ್ಕನ್ನ ನಾನು ಒಪ್ಪಿಸ್ತೀನಿ."

"ಒಪ್ಪಿಸು. ಆದ್ರೆ ಆ ತಪಾಸಣೆಯವಳೂ ನಿನ್ನಕ್ಕನೂ ಎದುರುಬದುರು ಆಗದ ಹಾಗೆ ನೋಡ್ಕೋ. ಹಾಗೇನಾದ್ರೂ ಆದ್ರೆ ಪ್ಲಾಟ್ ಅಷ್ಟೇ ಅಲ್ಲ, ನಮ್ಮ ಹೆಸರೇ ರದ್ದು."

ಅದನ್ನು ಅವನು ಹೇಳಬೇಕಾಗಿರಲಿಲ್ಲ. ಮೊಗ್ಗು ಕಂಡ ಗಳಿಗೆಯಿಂದ ತಂಗಿ ಯೋಚಿಸುತ್ತಿದ್ದದ್ದು ಸೂರ್ಯಕಾಂತಿಯನ್ನಲ್ಲ, ಆ ಸಹಿಯನ್ನು.

ಆಸ್ಪತ್ರೆಯ ಲ್ಯಾಬಿನ ಮುಂದೆ ಉದ್ದನೆಯ ಬೆಂಚು, ಬೆಂಚಿನ ತುಂಬ ಜನ. ಗಾಜಿನ ಕಿಟಕಿಯ ಹಿಂದೆ ಅಕ್ಕ ಒಬ್ಬರ ತೋಳಿಗೆ ರಬ್ಬರು ಪಟ್ಟಿ ಬಿಗಿಯುತ್ತಿದ್ದಳು. ತಲೆಯೆತ್ತಿ ತಂಗಿಯನ್ನು ನೋಡಿದಳು. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು ಒಂದೇ ಪದ.

"ಟೋಕನ್."

"ಅಕ್ಕಾ, ನಾನು ಪರೀಕ್ಷೆಗೆ ಬಂದಿಲ್ಲ."

"ಟೋಕನ್ ತಗೊಂಡು ಕೂತ್ಕೊಳ್ಳಿ. ನೆಂಟರಿಗೆ ಬೇರೆ ಸಾಲಿಲ್ಲ ಇಲ್ಲಿ."

ತಂಗಿ ಟೋಕನ್ ತೆಗೆದುಕೊಂಡು ಕೂತಳು. ನಲವತ್ತೊಂದು. ಒಳಗೆ ಇಪ್ಪತ್ತಾರು ನಡೆಯುತ್ತಿತ್ತು. ಪಕ್ಕದ ಮುದುಕ ಕನಿಕರದಿಂದ, "ನಿಂಗೂ ಸಕ್ಕರೆ ಕಾಯಿಲೇನಾಮ್ಮ?" ಎಂದ.

"ಇಲ್ಲಜ್ಜ. ಒಳಗಿರೋಳು ನಮ್ಮಕ್ಕ."

ಮುದುಕ ಗಾಜಿನೊಳಗೆ ಇಣುಕಿ ನೋಡಿ, "ಹಾಗಾದ್ರೆ ಸಕ್ಕರೇನೇ ವಾಸಿ" ಎಂದು ಮುಖ ತಿರುಗಿಸಿಕೊಂಡ.

ಅವಳ ಸರದಿ ಬಂದಾಗ ಒಂದೂವರೆ ಗಂಟೆ ಕಳೆದಿತ್ತು. ಕುರ್ಚಿಯಲ್ಲಿ ಕೂತಳು. ಅಭ್ಯಾಸಬಲದಿಂದ ಅಕ್ಕ, "ಚೀಟಿ?" ಎಂದಳು.

"ಚೀಟಿ ಇಲ್ಲ. ಒಂದು ಮಾತಿದೆ."

"ಹಿಂದೆ ಇನ್ನೂ ಒಂಬತ್ತು ಜನ ಇದ್ದಾರೆ. ಬೇಗ ಆಡು."

ತಂಗಿ ಹೇಳಿದಳು. ಪ್ಲಾಟು, ಮೊಗ್ಗು, ಶನಿವಾರ. ಸಹಿ ಒಂದನ್ನು ಬಿಟ್ಟು ಎಲ್ಲವನ್ನೂ. ಅಕ್ಕ ಖಾಲಿ ಟ್ಯೂಬುಗಳಿಗೆ ಹೆಸರಿನ ಪಟ್ಟಿ ಅಂಟಿಸುತ್ತ ಕೇಳಿದಳು.

"ಬಿತ್ತೋ ಮುಂಚೆ ಯಾಕೆ ಹೇಳಲಿಲ್ಲ?"

"ನೀನು ಮಾತು ಬಿಟ್ಟಿದ್ದೆ."

"ಬಿಟ್ಟಿದ್ದು ನಾನು. ನೀನೇನು ಮೂಗಿಯಾಗಿದ್ದೆಯಾ? ಹೌದು, ಮರೆತಿದ್ದೆ. ಆಗಾಗ ಆಗ್ತೀಯ. ಹನ್ನೊಂದು ದಿನ ಆಗಿದ್ದೆ ಒಂದು ಸಲ."

ತಂಗಿ ನೆಲ ನೋಡಿದಳು. ಅಲ್ಲಿ ಹತ್ತಿಯ ಚೂರೊಂದು ಬಿದ್ದಿತ್ತು.

"ಕತ್ತರಿಸ್ಕೋ," ಎಂದಳು ಅಕ್ಕ. ತಂಗಿ ತಲೆಯೆತ್ತಿದಳು. "ಆದ್ರೆ ಕೇಳಿಸ್ಕೋ. ನೀನೊಬ್ಬಳೇ ಇಳೀಬೇಕು. ನಿನ್ನ ಗಂಡನ ನೆರಳು ಬಿದ್ರೂ ನಾನು ಸುಮ್ನಿರಲ್ಲ. ಬುಡಕ್ಕೆ ಕತ್ತರಿಸು, ಬೇರು ಕೀಳಬೇಡ. ಕತ್ತರಿಸಿದ್ದು ಅಲ್ಲೇ ಬೀಳ್ಬೇಕು. ಆ ಹೊಲದಿಂದ ಇನ್ನು ಒಂದು ಎಲೆನೂ ಆಚೆ ಹೋಗ್ಬಾರ್ದು. ಹೋಗಿರೋದೇ ಸಾಕು."

"ಆಯ್ತು."

"ಆಣೆಗೀಣೆ ಬೇಡ. ನಿನ್ನ ಮಾತಿನ ತೂಕ ನಂಗೊತ್ತು. ಬಂದು ನೋಡ್ತೀನಿ. ನಲವತ್ತೆರಡು!"

ಬುಧವಾರವೂ ಗುರುವಾರವೂ ತಂಗಿ ಕುಡುಗೋಲು ಹಿಡಿದು ಅಕ್ಕನ ಹೊಲದಲ್ಲಿ ಬಗ್ಗಿದಳು. ಒಳಗೆ ಹೊಕ್ಕ ಮೇಲೆ ಮೇಲಿನಿಂದ ಕಂಡದ್ದಕ್ಕಿಂತ ಬೇರೆಯೇ ಇತ್ತು. ಅಲಸಂದೆ ಬಳ್ಳಿ ಕಾಲಿಗೆ ತೊಡರುತ್ತಿತ್ತು, ಸಜ್ಜೆಯ ಎಲೆಯಂಚು ಮೊಣಕೈ ಗೀರುತ್ತಿತ್ತು, ಜೇನುಹುಳ ಕಿವಿಯ ಪಕ್ಕದಲ್ಲೇ ಗೊಣಗುತ್ತಿತ್ತು. ಒಂದೊಂದೇ ಸೂರ್ಯಕಾಂತಿಯನ್ನು ಹುಡುಕಿ, ಬುಡಕ್ಕೆ ಎರಡೇಟು ಹಾಕಿ, ಅಲ್ಲೇ ಸಂದಿಯಲ್ಲಿ ಮಲಗಿಸುತ್ತ ಮುಂದೆ ಹೋದಳು. ತನ್ನ ಪ್ಲಾಟಿನಲ್ಲಿ ಜಾತಿಗೆ ಹೊಂದದ ಗಿಡ ಕಂಡರೆ ಕಿತ್ತು, ದೂರ ಒಯ್ದು, ಗುಂಡಿಯಲ್ಲಿ ಹೂಳುವ ಕೈ ಅದು. ಪ್ರತಿ ಗಿಡ ಬಿದ್ದಾಗಲೂ ಅದನ್ನೆತ್ತಿಕೊಳ್ಳಲು ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಅಕ್ಕನ ಮಾತು ನೆನಪಾಗಿ ಹಿಂದೆ ಬರುತ್ತಿತ್ತು.

ಗುರುವಾರ ಸಂಜೆ ಡ್ಯೂಟಿ ಮುಗಿಸಿ ಅಕ್ಕ ಬಂದಳು. ಬದುವಿನ ಮೇಲೆ ಚೀಲ ಇಟ್ಟು, ಚೀಲದ ಮೇಲೆ ತಾನು ಕೂತು ನೋಡತೊಡಗಿದಳು.

"ಎಡಗಡೆ ಒಂದು ಬಿಟ್ಟೆ. ಕಣ್ಣಲ್ಲೇನು ಗುಂಡಿ ಹಾಕ್ಕೊಂಡಿದ್ದೀಯಾ?"

ತಂಗಿ ಹಿಂದಿರುಗಿ ಕತ್ತರಿಸಿದಳು.

"ಬಳ್ಳಿ ತುಳೀತಿದ್ದೀಯ."

"ಹಾರಿ ಹೋಗ್ಲಾ?"

"ಹಾರು. ಹೊಲ ಇಷ್ಟು ಕೆಳಗೆ ಹೋಗಿದೆಯಲ್ಲ, ಮೇಲಿಂದ ಹಾರೋದು ಸುಲಭ."

ತಂಗಿಗೆ ನಗು ಬಂತು, ಸಿಟ್ಟೂ ಬಂತು. ನಗು ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ, "ಅಲ್ಲ, ಇಷ್ಟು ಕಟ್ಟುನಿಟ್ಟು ಮಾಡೋ ಕಂಪನಿ ಪಕ್ಕದ ಹೊಲದವರನ್ನ ಒಂದು ಮಾತೂ ಕೇಳಲ್ವಾ?" ಎಂದಳು.

ತಂಗಿ ಮುಂದಿನ ಗಿಡದ ಬುಡಕ್ಕೆ ಕುಡುಗೋಲು ಹಾಕಿದಳು. "ಕೇಳಲ್ಲ," ಎಂದಳು, ಗಿಡದ ಕಡೆಗೇ ಮುಖ ಮಾಡಿ.

"ವಿಚಿತ್ರ," ಎಂದು ಅಕ್ಕ ಎದ್ದು ಸೀರೆ ಕೊಡವಿಕೊಂಡಳು.

ಅಂದು ಕತ್ತಲಾಗುತ್ತಲೇ ಮಳೆ ಬಂತು. ಜೋರೇನಲ್ಲ, ಅರ್ಧ ಗಂಟೆ. ಶುಕ್ರವಾರ ತಂಗಿ ಬದುವಿನ ಮೇಲೆ ಉದ್ದಕ್ಕೂ ನಡೆದು ನೋಡಿದಳು. ಎಲ್ಲಿಯೂ ಹಳದಿ ತಲೆ ಕಾಣಲಿಲ್ಲ. ಸಮಾಧಾನದಿಂದ ತನ್ನ ಪ್ಲಾಟಿಗೆ ಹೋಗಿ ಇಡೀ ದಿನ ಹೆಂಗಸರ ಜೊತೆ ಹೂ ಉಜ್ಜಿದಳು.

ಶನಿವಾರ ಏಳು ಗಂಟೆಗೆ, ಉಜ್ಜುವ ಹೆಂಗಸರಲ್ಲಿ ದೊಡ್ಡವಳು ಬದುವಿನ ಬಳಿ ನಿಂತು ಕೂಗಿದಳು. "ಅಮ್ಮಾ, ಇಲ್ಲಿ ಬನ್ನಿ. ಜೇನೆಲ್ಲ ನೆಲಕ್ಕೆ ಇಳೀತಿವೆ."

ತಂಗಿ ಹೋಗಿ ನೋಡಿದಳು. ಸೆಣಬಿನ ಹೂವನ್ನು ಬಿಟ್ಟು ಜೇನುಹುಳಗಳು ಗಿಡದ ಸಂದಿಯೊಳಗೆ ಧುಮುಕುತ್ತಿದ್ದವು. ಅವಳು ಕೆಳಗಿಳಿದು ಎಲೆ ಸರಿಸಿದಳು. ಕತ್ತರಿಸಿ ಮಲಗಿಸಿದ ಸೂರ್ಯಕಾಂತಿ ಮಲಗಿದಲ್ಲೇ ಅರಳಿತ್ತು. ದಪ್ಪ ಕಾಂಡದಲ್ಲಿ ಇದ್ದ ನೀರು, ಮೇಲಿನಿಂದ ಬಿದ್ದ ಮಳೆ, ಸುತ್ತಲಿನ ನೆರಳು, ಅದಕ್ಕೆ ಇಷ್ಟು ಸಾಕಾಗಿತ್ತು. ಹಳದಿ ಇಣುಕುತ್ತಿದ್ದ ಮೊಗ್ಗುಗಳೆಲ್ಲ ತಟ್ಟೆಯಾಗಿದ್ದವು. ತಟ್ಟೆಯ ಮೇಲೆ ಪರಾಗ, ಪರಾಗದಲ್ಲಿ ಹೊರಳಿದ ಜೇನುಹುಳ ಮೇಲೆದ್ದು ನೇರ ಅವಳ ಪ್ಲಾಟಿನ ಕಡೆಗೆ ಹೋಯಿತು.

ಮೊಗ್ಗನ್ನು ಕಾಲಲ್ಲಿ ತುಳಿದು ಜಜ್ಜಿದ್ದರೆ ಮುಗಿಯುತ್ತಿತ್ತು. ಹೊರಗೆ ಒಯ್ದು ಹೂಳಿದ್ದರೂ ಮುಗಿಯುತ್ತಿತ್ತು. ಅವಳು ಎರಡನ್ನೂ ಮಾಡಿರಲಿಲ್ಲ. ಕತ್ತರಿಸಿದ್ದು ಸತ್ತಂತೆ ಎಂದುಕೊಂಡಿದ್ದಳು.

ಬೆನ್ನ ಹಿಂದೆ ಕೊಕ್ಕೆಯ ದನಿ ಕೇಳಿತು. "ನೋಡು, ನೋಡು ನಿನ್ನ ಒಪ್ಪಂದ! ಅಕ್ಕತಂಗಿ ಸೇರಿ ನನ್ನ ತಲೆ ಮೇಲೆ ಚಪ್ಪಡಿ ಎಳೆದ್ರಿ." ಅವನು ಆಗಲೇ ಫೋನು ಕಿವಿಗೆ ಹಿಡಿದಿದ್ದ. "ಹಲೋ, ಬ್ಲೇಡ್ ಹಾಕ್ಕೊಂಡು ಬಾ. ಈಗ್ಲೇ. ಹತ್ತು ಗಂಟೆಗೆ ಮೇಡಂ ಬರ್ತಾರೆ, ಅಷ್ಟರಲ್ಲಿ ನೆಲ ಸಮ ಆಗ್ಬೇಕು."

"ಬೇಡ ರೀ! ನಾನು ಹೂಳ್ತೀನಿ. ಇನ್ನೂ ಮೂರು ಗಂಟೆ ಟೈಮಿದೆ."

"ಹೂಳು. ಟ್ರ್ಯಾಕ್ಟರ್ ಬರೋ ತನಕ ಹೂಳು, ಬಂದ್ಮೇಲೆ ಪಕ್ಕಕ್ಕೆ ಸರಿ."

ಅವಳು ಗುದ್ದಲಿ ತಂದು ಅಗೆಯತೊಡಗಿದಳು. ಗುದ್ದಲಿ ಠಣ್ಣೆನ್ನಲಿಲ್ಲ. ನಾಲ್ಕು ಬೆರಳಿನಷ್ಟು ಸಲೀಸಾಗಿ ಇಳಿಯಿತು, ಆಮೇಲೆ ಗಟ್ಟಿ. ನಾಲ್ಕೇ ಬೆರಳು. ಒಯ್ದದ್ದು ಎರಡಡಿ. ಆ ನಾಲ್ಕು ಬೆರಳಿನ ಮಣ್ಣನ್ನು ಕೆರೆದು, ಹೂವನ್ನು ಮುಖ ಕೆಳಗೆ ಮಾಡಿ ಒತ್ತಿ, ಮೇಲೆ ಮಣ್ಣೆಳೆದು ತುಳಿದಳು. ಒಂದು, ಎರಡು, ಹತ್ತು. ಬೆವರು ಕಣ್ಣಿಗಿಳಿಯಿತು.

"ಮತ್ತೆ ಮಣ್ಣು ತೆಗೀತಿದ್ದೀಯಾ?"

ಅಕ್ಕ ಬದುವಿನ ಮೇಲೆ ನಿಂತಿದ್ದಳು, ಆಸ್ಪತ್ರೆಯ ಬಿಳಿ ಕೋಟು ತೋಳಿನ ಮೇಲೆ ಹಾಕಿಕೊಂಡು, ಡ್ಯೂಟಿಗೆ ಹೋಗುವ ದಾರಿಯಲ್ಲಿ.

"ತೆಗೀತಿಲ್ಲ. ಹೂಳ್ತಿದ್ದೀನಿ. ಕತ್ತರಿಸಿದ್ದು ಅರಳಿದೆ. ನೀನು ಹೊರಗೆ ಹಾಕ್ಬೇಡ ಅಂದಿದ್ದಕ್ಕೇ ಇದಾಗಿದ್ದು!"

"ಹೊರಗೆ ಹಾಕ್ಬೇಡ ಅಂದೆ. ಜಜ್ಜಬೇಡ ಅಂದ್ನಾ? ಸೂರ್ಯಕಾಂತಿ ಬೆಳೆಯೋಳು ನೀನು. ರಕ್ತ ತೆಗೆಯೋಳು ಬಂದು ಇದನ್ನೂ ಹೇಳಿಕೊಡಬೇಕಿತ್ತಾ?"

ತಂಗಿ ಕಾಲ ಬಳಿಯ ಹೂವೊಂದನ್ನು ಜಜ್ಜಿ ಗುಂಡಿಗೆ ತುಳಿದಳು. ಅಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದು ಬಂತು. ಕೊಕ್ಕೆ ಮುಂದೆ ನಡೆಯುತ್ತ, ಕೈಬೀಸಿ ದಾರಿ ತೋರಿಸುತ್ತ ಬಂದ. ಅಕ್ಕನನ್ನು ಕಂಡು ಒಂದು ಗಳಿಗೆ ತಬ್ಬಿಬ್ಬಾದ, ಮರುಗಳಿಗೆಗೇ ಹಲ್ಲು ಬಿಟ್ಟ.

"ಓ, ಅತ್ತಿಗೆಯವರು! ಡ್ಯೂಟಿ ಇಲ್ವಾ?"

"ಏನದು ಟ್ರ್ಯಾಕ್ಟರ್?"

"ನಿಮ್ಮದೇ ಕೆಲಸ, ಅತ್ತಿಗೆ. ಹೇಗಿದ್ರೂ ಕಡಿದು ಮಲಗಿಸೋದೇ ತಾನೆ ಇದನ್ನ? ನಾನೇ ಪುಕ್ಕಟೆ ಮಾಡಿಕೊಡ್ತಿದ್ದೀನಿ. ನೆಂಟಸ್ತನ ಅಂದ್ಮೇಲೆ ಇಷ್ಟೂ ಇಲ್ದಿದ್ರೆ ಹೇಗೆ?"

"ಇನ್ನೂ ಇಪ್ಪತ್ತು ದಿನ ನಿಲ್ಬೇಕು ಅದು. ಈಗ ಕಡಿದ್ರೆ ಎಲೆ ಕೊಳೆಯುತ್ತೆ, ಬೇರು ಇಳಿಯಲ್ಲ. ನಿನ್ನ ಪುಕ್ಕಟೆ ಕೆಲಸ ಒಂದು ಸಲ ನೋಡಿದ್ದೀನಿ ನಾನು. ಲಾರಿಗಟ್ಟಲೆ."

ಹೀಗೆ ಮಾತಿಗೆ ಮಾತು ಬೆಳೆಯುತ್ತಿರುವಾಗಲೇ ರಸ್ತೆಯ ಕಡೆಯಿಂದ ಸ್ಕೂಟರ್ ಬಂದು ನಿಂತಿತು. ಹತ್ತು ಗಂಟೆಗೆ ಬರಬೇಕಾದ ತಪಾಸಣೆಯವಳು ಎಂಟೂವರೆಗೇ ಬಂದಿದ್ದಳು. ಅಗಲ ಟೋಪಿ, ಬಗಲಲ್ಲಿ ಫೈಲು, ಯಾರ ಮುಖವನ್ನೂ ನೋಡದೆ ಮೊದಲು ಗಿಡ ನೋಡುವ ಹುಡುಗಿ. ಬದುವಿನ ಮೇಲೆ ಬಂದು ಟ್ರ್ಯಾಕ್ಟರನ್ನು ನೋಡಿದಳು, ಗುದ್ದಲಿಯನ್ನು ನೋಡಿದಳು, ತಂಗಿಯ ಕಾಲ ಬಳಿ ಇನ್ನೂ ಹೂಳದೆ ಬಿದ್ದಿದ್ದ ಹಳದಿ ತಟ್ಟೆಯನ್ನು ನೋಡಿದಳು. ಬಗ್ಗಿ ಅದನ್ನೆತ್ತಿ ಬೆರಳಿನಿಂದ ಸವರಿದಳು. ಬೆರಳಿಗೆ ಹಳದಿ ಹತ್ತಿತು.

"ಇಂಥವು ಎಷ್ಟಿವೆ?"

ಅವಳು ಫೈಲು ತೆರೆದಳು. "ಈ ಹೊಲದವರು ಯಾರು?"

"ನಾನು," ಎಂದಳು ಅಕ್ಕ.

ತಂಗಿ ಗುದ್ದಲಿ ನೆಲಕ್ಕೂರಿ ಫೈಲಿನ ಕಡೆಗೇ ನೋಡಿದಳು. ಕೊಕ್ಕೆ ಮಾತ್ರ ಹೆದರಲಿಲ್ಲ. 'ಎದುರುಬದುರು ಆಗಬಾರದು' ಎಂದವನು ಅವನೇ. ಆದಮೇಲೆ ಅದರಲ್ಲೂ ಒಂದು ಕೊಕ್ಕೆ ಕಂಡುಕೊಂಡ.

"ಇವರೇ ಮೇಡಂ. ಸೂರ್ಯಕಾಂತಿ ಹಾಕಲ್ಲ ಅಂತ ಸಹಿ ಮಾಡಿಕೊಟ್ಟು ಹಾಕಿದ್ದಾರೆ. ದಾಯಾದಿ ಮತ್ಸರ, ಇನ್ನೇನು. ಬರ್ಕೊಳ್ಳಿ. ಸಹಿ ಹಾಕಿದವರು ಮಾತು ತಪ್ಪಿದ್ರೆ ಅವರ ಬೆಳೆ ಕಡಿಸೋ ಹಕ್ಕು ಕಂಪನಿಗಿದೆ ಅಂತ ಫಾರಂನಲ್ಲೇ ಇದೆಯಲ್ಲ? ಟ್ರ್ಯಾಕ್ಟರ್ ರೆಡಿ ಇದೆ."

"ಇದೆ," ಎಂದಳು ತಪಾಸಣೆಯವಳು. "ಆಗ ನಿಮ್ಮ ಪ್ಲಾಟ್ ಪೂರ್ತಿ ಹೋಗಲ್ಲ. ಈ ಬದಿಯ ಸಾಲುಗಳನ್ನ ತೆಗೆದು ಉಳಿದದ್ದನ್ನ ಪರೀಕ್ಷೆಗೆ ಇಡ್ತೀವಿ." ಫಾರಂ ಎಳೆದು ಅಕ್ಕನ ಕಡೆ ಹಿಡಿದಳು. "ಮೇಡಂ, ಇದು ನಿಮ್ಮ ಸಹಿ ತಾನೆ?"

ಅಕ್ಕ ಕಾಗದ ತೆಗೆದುಕೊಂಡಳು. ದಿನಕ್ಕೆ ನೂರು ಚೀಟಿ ನೋಡುವವಳು, ಹೆಸರಿಗೂ ಟ್ಯೂಬಿಗೂ ತಾಳೆ ಹಾಕಿ ನೋಡುವುದೇ ಅವಳ ಅನ್ನ. ಮೇಲಿನಿಂದ ಕೆಳಗೆ ಓದಿದಳು. ಸಹಿಯ ಬಳಿ ಬಂದು ನಿಂತಳು. ಆಮೇಲೆ ಕಾಗದದ ಮೇಲಿಂದ ತಂಗಿಯನ್ನು ನೋಡಿದಳು. ಆ ನೋಟದಲ್ಲಿ ಆಶ್ಚರ್ಯವಿರಲಿಲ್ಲ. ಇದ್ದಿದ್ದರೆ ತಂಗಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

"ಅವಳನ್ನ ಕೇಳಿ," ಎಂದಳು ಅಕ್ಕ, ಕಾಗದ ವಾಪಸ್ಸು ಕೊಡುತ್ತ.

"ಇವರ‍್ಯಾಕೆ? ಸಹಿ ನಿಮ್ಮದಲ್ವಾ?"

"ಅವಳು ಏನು ಹೇಳ್ತಾಳೋ ಅದೇ. ನಾನು ಆಚೆ ಈಚೆ ಏನೂ ಮಾತಾಡಲ್ಲ."

ಎಲ್ಲರೂ ತಂಗಿಯ ಕಡೆ ತಿರುಗಿದರು. ಕೊಕ್ಕೆ ಹುಬ್ಬು ಕುಣಿಸಿ ಸನ್ನೆ ಮಾಡಿದ. ಟ್ರ್ಯಾಕ್ಟರಿನವನು ಎಂಜಿನ್ ಆರಿಸಿ ಮುಂದಕ್ಕೆ ಬಗ್ಗಿದ. ಅಕ್ಕನದು ಎಂದು ಒಂದೇ ಮಾತು ಹೇಳಿದರೆ ಎರಡು ತಿಂಗಳ ದುಡಿಮೆಯಲ್ಲಿ ಮುಕ್ಕಾಲು ಭಾಗ ಉಳಿಯುತ್ತದೆ, ಮುಂದಿನ ವರ್ಷದ ಒಪ್ಪಂದವೂ ಉಳಿಯುತ್ತದೆ, ಮತ್ತು ಈ ಹೊಲ ಮತ್ತೊಮ್ಮೆ ಬೋಳಾಗುತ್ತದೆ, ಈ ಸಲ ಕಾಗದದ ಪ್ರಕಾರ. ಅಕ್ಕ ತುಟಿ ಬಿಚ್ಚುವುದಿಲ್ಲ. ಹೇಳಿದ್ದಾಳೆ ಎಂದರೆ ಬಿಚ್ಚುವುದಿಲ್ಲ. ಅದೇ ತಂಗಿಯನ್ನು ಎಲ್ಲಕ್ಕಿಂತ ಹೆಚ್ಚು ರೇಗಿಸಿತು. ಬೈದಿದ್ದರೆ, ಕಾಗದ ಹರಿದು ಮುಖಕ್ಕೆ ಎಸೆದಿದ್ದರೆ, ತಿರುಗಿ ಬೈಯಬಹುದಿತ್ತು.

"ನಂದು," ಎಂದಳು ತಂಗಿ.

"ಏನು?"

"ಆ ಸಹಿ ನಂದು. ನಾನೇ ಹಾಕಿದ್ದು. ಅವಳಿಗೆ ಫಾರಂ ವಿಷಯ ಗೊತ್ತೇ ಇಲ್ಲ. ಅವಳನ್ನ ಯಾರೂ ಕೇಳಿಲ್ಲ."

"ಲೇ! ತಲೆ ಕೆಟ್ಟಿದ್ಯೇನೇ ನಿಂಗೆ?" ಕೊಕ್ಕೆ ಬದುವಿನಿಂದ ಧುಮುಕಿದ. "ಮೇಡಂ, ಬಿಸಿಲಿಗೆ ಏನೇನೋ ಒದರ್ತಿದ್ದಾಳೆ..."

"ನೀವೂ ಅಲ್ಲೇ ಇದ್ರಿ," ಎಂದಳು ತಂಗಿ. "ಚೆನ್ನಾಗಿ ಹಾಕ್ತೀಯ ಅಂತ ಹೊಗಳಿದ್ರಿ."

ತಪಾಸಣೆಯವಳು ಪೆನ್ನಿನ ಮುಚ್ಚಳ ತೆಗೆದು ಫಾರಂನ ಮೇಲೆ ಅಡ್ಡಕ್ಕೆ ಎರಡು ಗೆರೆ ಎಳೆದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಇಂಥ ಗೆರೆ ಎಳೆಯುವುದು ಅವಳಿಗೆ ಮೊದಲ ಸಲವಲ್ಲ. "ಪ್ಲಾಟ್ ರದ್ದು. ಕಾಳು ಬೇಕಾದ್ರೆ ಎಣ್ಣೆ ಗಾಣಕ್ಕೆ ಕೊಡಿ, ಬೀಜ ಅಂತ ಎಲ್ಲೂ ಮಾರೋ ಹಾಗಿಲ್ಲ. ಮುಂದಿನ ವರ್ಷದಿಂದ ನಿಮ್ಮನೆಯವರ ಹೆಸರಲ್ಲಿ ಅರ್ಜಿ ತಗೊಳ್ಳಲ್ಲ." ಬೆರಳಿಗೆ ಹತ್ತಿದ ಹಳದಿಯನ್ನು ಫೈಲಿನ ಅಂಚಿಗೆ ಒರೆಸಿ ಸ್ಕೂಟರಿನ ಕಡೆ ನಡೆದಳು.

ಕೊಕ್ಕೆ ಅವಳ ಹಿಂದೆ ಹತ್ತು ಹೆಜ್ಜೆ ಓಡಿದ, ನಿಂತ, ತಿರುಗಿ ಬಂದ. ಮುಖ ಕೆಂಡವಾಗಿತ್ತು. ಟ್ರ್ಯಾಕ್ಟರಿನವನಿಗೆ ಕೈ ತೋರಿಸಿ, "ಕಡಿ! ಎಲ್ಲಾ ಹೋದ ಮೇಲೆ ಇದೊಂದು ಯಾಕೆ ಉಳೀಬೇಕು? ಹೊಡಿ ಒಳಗೆ!" ಎಂದು ಕಿರುಚಿದ.

ತಂಗಿ ಗುದ್ದಲಿ ಅಡ್ಡ ಹಿಡಿದು ದಾರಿಗೆ ನಿಂತಳು.

ಟ್ರ್ಯಾಕ್ಟರಿನವನು ಒಬ್ಬೊಬ್ಬರನ್ನೂ ನೋಡಿ ಕತ್ತು ತುರಿಸಿಕೊಂಡ. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತಂತೆ. ನಾನ್ಯಾಕೆ ಸ್ವಾಮಿ ಕೂಸಾಗ್ಲಿ?" ಎಂದು ಎಂಜಿನ್ ಹಾಕಿ ಹಿಂದಕ್ಕೆ ತಿರುಗಿಸಿದ. ಕೊಕ್ಕೆ ಅವನಿಗೆ ಬೈದ, ಅವನ ಅಪ್ಪನಿಗೆ ಬೈದ, ಆಮೇಲೆ ಹೆಂಡತಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮನೆಗೆ ಬಾ, ಮಾತಾಡೋಣ" ಎಂದು ಹೇಳಿ ಹೊರಟುಹೋದ.

ಉಳಿದವರು ಇಬ್ಬರು. ಅಕ್ಕ ಗಡಿಯಾರ ನೋಡಿಕೊಂಡಳು.

"ಹೂಳೋದು ಪೂರ್ತಿ ಮಾಡು. ಅರ್ಧ ಗುಂಡಿ ತೆರೆದಿವೆ, ಬೇರುಗಳೆಲ್ಲ ಬಿಸಿಲಿಗೆ ಬಿದ್ದಿವೆ."

ತಂಗಿಗೆ ಮೈಯೆಲ್ಲ ಉರಿಯಿತು. "ಇಷ್ಟೇನಾ ನೀನು ಹೇಳೋದು?"

"ಇನ್ನೇನು ಹೇಳ್ಲಿ? ಶಾಲು ಹೊದಿಸ್ಲಾ?"

"ಎರಡು ತಿಂಗಳ ಬೆಳೆ ಕಳ್ಕೊಂಡೆ ನಾನು."

"ನೀನು ಕಳ್ಕೊಂಡಿದ್ದು ಎರಡು ತಿಂಗಳದ್ದು," ಎಂದಳು ಅಕ್ಕ. ತನ್ನದು ಎಷ್ಟು ವರ್ಷದ್ದು ಎಂದು ಹೇಳಲಿಲ್ಲ.

ತಂಗಿ ಒಂದು ಗುಂಡಿಗೆ ಮಣ್ಣೆಳೆದಳು. ಎಳೆಯುತ್ತ, ತಲೆಯೆತ್ತದೆ ಕೇಳಿದಳು. "ಬಿತ್ತೋ ಮುಂಚೆ ನಾನು ಬಂದು ಕೇಳಿದ್ರೆ ಸಹಿ ಹಾಕ್ತಿದ್ಯಾ?"

"ಇಲ್ಲ."

"ಗೊತ್ತಿತ್ತು ನಂಗೆ."

"ಸಹಿ ಹಾಕ್ತಿರಲಿಲ್ಲ. ಸೂರ್ಯಕಾಂತಿನೂ ಹಾಕ್ತಿರಲಿಲ್ಲ. ಆರರಲ್ಲಿ ಒಂದು ಬೀಜ ಬಿಟ್ಟು ಐದು ಹಾಕ್ತಿದ್ದೆ, ಅಷ್ಟೇ." ಅಕ್ಕ ಬಿಳಿ ಕೋಟು ಕೊಡವಿ ತೋಳಿಗೇರಿಸಿದಳು. "ಒಂಬತ್ತಾಯ್ತು. ಜನ ಕಾಯ್ತಿರ್ತಾರೆ." ಬದುವಿನ ಮೇಲೆ ನೇರ ನಡೆದುಹೋದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ನೋಡುತ್ತಾಳೇನೋ ಎಂದು ತಂಗಿ ಕಾದದ್ದೂ ಸುಳ್ಳಲ್ಲ.

ಹೂಳುವುದು ಮುಗಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ತಂಗಿ ಮೊಣಕಾಲೂರಿ ಬದು ಹತ್ತಿ ಈಚೆ ಬಂದಳು. ಉಜ್ಜುವ ಹೆಂಗಸರು ಮೂರೂ ಜನ ಮೊದಲ ಸಾಲಿನ ನೆರಳಿನಲ್ಲಿ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, ಕೇಳಿಸಿಕೊಳ್ಳದವರ ಹಾಗೆ ಕೈಗೆ ಸುತ್ತಿದ ಬಟ್ಟೆಯ ಎಳೆ ಕೀಳುತ್ತಿದ್ದರು.

"ಉಜ್ಜೋದಾ, ಬೇಡ್ವಾ ಅಮ್ಮಾ?" ಎಂದಳು ದೊಡ್ಡವಳು.

"ಉಜ್ಜಿ. ಗಾಣಕ್ಕಾದ್ರೂ ಜೊಳ್ಳು ಕೊಡೋಕಾಗಲ್ಲ."

ಅವಳೂ ಒಂದು ಬಟ್ಟೆ ಕೈಗೆ ಸುತ್ತಿಕೊಂಡು ಕೊನೆಯ ಸಾಲಿಗೆ ಹೋದಳು. ಸೊಂಟದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಕೊಕ್ಕೆಯದೆಂದು ನೋಡದೆಯೂ ಗೊತ್ತಿತ್ತು. ಗಂಡು ಹೂವಿನ ತಲೆ ಬಗ್ಗಿಸಿ ಸವರಿದಳು, ಹೆಣ್ಣು ಹೂವಿಗೆ ಉಜ್ಜಿದಳು, ಮುಂದಿನದಕ್ಕೆ ಹೋದಳು. ಫೋನು ನಿಂತಿತು. ಮತ್ತೆ ಹೊಡೆದುಕೊಂಡಿತು. ಸಾಲು ಇನ್ನೂ ಅರ್ಧ ಉಳಿದಿತ್ತು.